ಕರುಳಿನ ಕೋಶದಲ್ಲಿ ಕೊಬ್ಬು ಕಟ್ಟುವ ಎಂಜೈಮ್ ಎಲ್ಲಿದೆ? ಲ್ಯಾಬ್‌ನಲ್ಲಿ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಈ ಪ್ರಯೋಗದಲ್ಲಿ ಎಡವಿದವರು ತೋರಿಸುವ ಫಲಿತಾಂಶಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಒಬ್ಬರಿಗೆ ಎಂಜೈಮ್ ಸೈಟೋಸಾಲ್‌ನಲ್ಲಿ, ಅಂದರೆ ಕೋಶದೊಳಗಿನ ದ್ರವದಲ್ಲಿ, ಸಿಕ್ಕಿರುತ್ತದೆ. ಇನ್ನೊಬ್ಬರಿಗೆ ಬ್ರಶ್ ಬಾರ್ಡರ್‌ನಲ್ಲಿ, ಅಂದರೆ ಕೋಶದ ಮೇಲ್ತುದಿಯ ಬ್ರಶ್‌ನಂಥ ಅಂಚಿನಲ್ಲಿ. ಮತ್ತೊಬ್ಬರಿಗೆ ಎಲ್ಲೂ ಇಲ್ಲ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಯ ಮೊದಲ ವರ್ಷದವರು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲೇ. ಬಹಳ ಸಲ ತಪ್ಪು ನಡೆದಿರುವುದು ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಅಲ್ಲ. ಅದಕ್ಕಿಂತ 2 ಗಂಟೆ ಮುಂಚೆ, ಕರುಳು ತೊಳೆಯುವಾಗಲೇ ಕೆಲಸ ಕೆಟ್ಟಿರುತ್ತದೆ.

ಯಾವ ಎಂಜೈಮ್ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಊಟದ ಕೊಬ್ಬು ಕರುಳಿನಲ್ಲಿ ಒಡೆದು ಫ್ಯಾಟಿ ಆಸಿಡ್ ಮತ್ತು 2-ಮೋನೋಅಸೈಲ್‌ಗ್ಲಿಸರಾಲ್ ಆಗಿ ಎಂಟರೋಸೈಟ್ ಎಂಬ ಕರುಳಿನ ಕೋಶದ ಒಳಗೆ ಹೋಗುತ್ತದೆ. ಅಲ್ಲಿ ಫ್ಯಾಟಿ ಆಸಿಡ್‌ಗೆ ಕೋಎಂಜೈಮ್-ಎ ಅಂಟಿ ಅಸೈಲ್-ಕೋಎ ಆಗುತ್ತದೆ. ಎಮ್‌ಗ್ಯಾಟ್-2 ಎಂಬ ಎಂಜೈಮ್ ಅದನ್ನು ಮೋನೋಅಸೈಲ್‌ಗ್ಲಿಸರಾಲ್‌ಗೆ ಸೇರಿಸಿ ಡೈಅಸೈಲ್‌ಗ್ಲಿಸರಾಲ್ ಮಾಡುತ್ತದೆ. ಡಿಗ್ಯಾಟ್-1 ಮತ್ತು ಡಿಗ್ಯಾಟ್-2 ಮೂರನೆಯ ಫ್ಯಾಟಿ ಆಸಿಡ್ ಸೇರಿಸಿ ಟ್ರೈಗ್ಲಿಸರೈಡ್ ಕಟ್ಟುತ್ತವೆ. ಈ ಕೆಲಸ ಮುಖ್ಯವಾಗಿ ನಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯಲ್ಲಿ. ಲ್ಯಾಬ್ ಮಾತಿನಲ್ಲಿ ಇಆರ್.

"ಇಆರ್‌ನಲ್ಲಿದೆ" ಎಂದು ಪಠ್ಯಪುಸ್ತಕ ನೋಡಿ ಬರೆಯುವುದು ಸುಲಭ. ನಿಮ್ಮ ಟ್ಯೂಬ್‌ನಲ್ಲಿರುವುದು ನಿಜವಾಗಿ ಇಆರ್ ಹೌದೋ ಅಲ್ಲವೋ ಎಂದು ತೋರಿಸುವುದೇ ಕಷ್ಟ. ಹೊಳೆಯುವ ಒಂದು ಬ್ಯಾಂಡ್ ಅದಕ್ಕೆ ಸಾಕ್ಷಿ ಆಗುವುದಿಲ್ಲ. ಲೆಕ್ಕ ಕೂಡಿಬರಬೇಕು. ಕೆಳಗಿನ ಹಂತಗಳು ಇಲಿಯ ಸಣ್ಣ ಕರುಳಿಗೆ ಹೊಂದುವಂತಿವೆ.

## ಹಂತ 1: ಪ್ರಶ್ನೆಯನ್ನು ಮೂರು ಭಾಗ ಮಾಡಿ

"ಎಲ್ಲಿದೆ?" ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಎಂಜೈಮ್ ಯಾವ ಪೊರೆಯಲ್ಲಿದೆ? ಆ ಪೊರೆಯ ಯಾವ ಬದಿಯಿಂದ ಕೆಲಸ ಮಾಡುತ್ತದೆ, ಸೈಟೋಸಾಲ್ ಕಡೆಯಿಂದಲೋ ಒಳಗಿನ ಲ್ಯೂಮೆನ್ ಕಡೆಯಿಂದಲೋ? ಕೊಬ್ಬು ತಿಂದ ಮೇಲೆ ಬೇರೆ ಜಾಗಕ್ಕೆ, ಅಂದರೆ ಕೊಬ್ಬಿನ ಹನಿಗಳ ಮೇಲ್ಮೈಗೆ ಹೋಗುತ್ತದೆಯೇ?

ಮೂರಕ್ಕೂ ಬೇರೆ ಬೇರೆ ತಯಾರಿ ಬೇಕು. ಮೊದಲನೆಯದಕ್ಕೆ ಉಪವಾಸವಿದ್ದ ಇಲಿ ಒಳ್ಳೆಯದು. ಮೂರನೆಯದಕ್ಕೆ ಎಣ್ಣೆ ಕುಡಿಸಿದ ಇಲಿಯೇ ಬೇಕು. ಎರಡನೆಯದಕ್ಕೆ ಫ್ರೀಜ್ ಮಾಡದ ತಾಜಾ ಮೈಕ್ರೋಸೋಮ್ (ಒಡೆದ ಇಆರ್‌ನ ಪುಟ್ಟ ಚೀಲಗಳು) ಬೇಕು. ಒಂದೇ ಪ್ರಾಣಿಯಿಂದ ಮೂರಕ್ಕೂ ಉತ್ತರ ತೆಗೆಯಲು ಹೋದರೆ ಮೂರೂ ಅರೆಬರೆ ಆಗುತ್ತವೆ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇವತ್ತು ಯಾವ ಪ್ರಶ್ನೆ ಎಂದು ಬರೆದಿಟ್ಟೇ ಶುರು ಮಾಡಿ.

ಲ್ಯಾಬ್‌ನಲ್ಲಿ ಬೆಳೆಸುವ ಕ್ಯಾಕೋ-2 ಎಂಬ ಮನುಷ್ಯರ ಕರುಳಿನ ಕೋಶಗಳಲ್ಲಿ ಮಾಡಿದರೆ ಪ್ರಾಣಿ ಬೇಡ ಅಲ್ವಾ ಎಂದು ಕೇಳುವವರಿದ್ದಾರೆ. ಬೇಡ ನಿಜ. ಆದರೆ ಆ ಕೋಶಗಳಲ್ಲಿ ಮೋನೋಅಸೈಲ್‌ಗ್ಲಿಸರಾಲ್ ದಾರಿ ಬಲಹೀನ. ಅವು ಹೆಚ್ಚಾಗಿ ಗ್ಲಿಸರಾಲ್-3-ಫಾಸ್ಫೇಟ್ ದಾರಿಯಿಂದ ಟ್ರೈಗ್ಲಿಸರೈಡ್ ಮಾಡುತ್ತವೆ. ಎಮ್‌ಗ್ಯಾಟ್ ನಿಮ್ಮ ಪ್ರಶ್ನೆಯಾಗಿದ್ದರೆ ಕ್ಯಾಕೋ-2 ನಿಮ್ಮನ್ನು ದಾರಿ ತಪ್ಪಿಸುತ್ತದೆ.

## ಹಂತ 2: ಅನುಮತಿ, ಸಾಮಾನು, ರೋಟರ್

ಪ್ರಾಣಿ ಬಳಸಲು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಕೈಯಲ್ಲಿರಬೇಕು. ಕಾರ್ಬನ್-14 ಅಂಟಿಸಿದ ಓಲಿಯೋಯಿಲ್-ಕೋಎ ಬಳಸುವುದಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವ ಲ್ಯಾಬ್ ಬೇಕು. ಅದಿಲ್ಲದವರು ಎನ್‌ಬಿಡಿ ಎಂಬ ಹೊಳೆಯುವ ಗುಂಪು ಅಂಟಿಸಿದ ಅಸೈಲ್-ಕೋಎ ಬಳಸಬಹುದು. ಉತ್ಪನ್ನವನ್ನು ಟಿಎಲ್‌ಸಿ (ತೆಳು ಪದರದ ಮೇಲೆ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಪ್ಲೇಟ್ ಮೇಲೆ ಫ್ಲೂರೋಸೆನ್ಸ್ ಸ್ಕ್ಯಾನರ್‌ನಲ್ಲಿ ಅಳೆಯಬಹುದು. ನಮ್ಮ ಕಾಲೇಜು ಲ್ಯಾಬ್‌ಗಳಿಗೆ ಇದೇ ಅನುಕೂಲ.

ಮುಖ್ಯ ಬಫರ್ ಹೀಗೆ: 0.25 ಮೋಲಾರ್ ಸುಕ್ರೋಸ್, 10 ಮಿಲಿಮೋಲಾರ್ ಹೆಪೀಸ್, 1 ಮಿಲಿಮೋಲಾರ್ ಇಡಿಟಿಎ, ಪಿಎಚ್ 7.4. ಒಂದು ಲೀಟರ್‌ಗೆ ಸುಕ್ರೋಸ್ 85.6 ಗ್ರಾಂ, ಹೆಪೀಸ್ 2.38 ಗ್ರಾಂ. ಪಿಎಚ್ ಅನ್ನು ತಣ್ಣಗಿರುವಾಗಲೇ ಹೊಂದಿಸಿ. ಪ್ರೋಟೀನ್ ಒಡೆಯುವ ಪ್ರೋಟಿಯೇಸ್‌ಗಳನ್ನು ತಡೆಯುವ ಮಿಶ್ರಣವನ್ನು ಬಳಸುವ ಹೊತ್ತಿಗೆ ಸೇರಿಸಿ. ಅದರಲ್ಲಿ ಬಳಸುವ ಪಿಎಂಎಸ್‌ಎಫ್ ಎಂಬ ತಡೆಮದ್ದು ನೀರಿನಲ್ಲಿ ಬೇಗ ಕೆಡುತ್ತದೆ. ಬೆಳಿಗ್ಗೆ ಹಾಕಿಟ್ಟ ಬಫರ್ ಅನ್ನು ಮಧ್ಯಾಹ್ನ ಬಳಸಿದರೆ ಅದು ಇಲ್ಲದ ಹಾಗೇ ಲೆಕ್ಕ. ಅದು ವಿಷವೂ ಹೌದು, ಗ್ಲವ್ಸ್ ಹಾಕಿಯೇ ಮುಟ್ಟಿ.

ಬೇಕಾದ ಸಲಕರಣೆ: ಟೆಫ್ಲಾನ್ ಕಡ್ಡಿಯ ಗಾಜಿನ ಹೋಮೋಜಿನೈಸರ್, ಮೈಕ್ರೋಸ್ಕೋಪ್ ಸ್ಲೈಡ್‌ಗಳು, ಐಸ್, ಕೂಲಿಂಗ್ ಇರುವ ಸೆಂಟ್ರಿಫ್ಯೂಜ್, ಅಲ್ಟ್ರಾಸೆಂಟ್ರಿಫ್ಯೂಜ್, ಸ್ಪೆಕ್ಟ್ರೋಫೋಟೋಮೀಟರ್. ಕ್ಲೋರೋಫಾರ್ಮ್ ಮುಟ್ಟುವ ಕೆಲಸಕ್ಕೆಲ್ಲ ಗಾಜಿನ ಟ್ಯೂಬ್. ಪಾಲಿಸ್ಟೈರೀನ್ ಟ್ಯೂಬ್ ಕರಗಿಹೋಗುತ್ತದೆ. ಬೇರೆ ಪ್ಲಾಸ್ಟಿಕ್ ಕೂಡ ಏನೇನೋ ಬಿಟ್ಟು ಟಿಎಲ್‌ಸಿ ಪ್ಲೇಟ್ ಮೇಲೆ ಸುಳ್ಳು ಕಲೆ ಮೂಡಿಸುತ್ತದೆ.

ರೋಟರ್ ವಿಷಯ ಬೇರೆಯಾಗಿ ಹೇಳಲೇಬೇಕು. ಸೀನಿಯರ್ ನೋಟ್‌ಬುಕ್‌ನಿಂದ ಆರ್‌ಪಿಎಂ ನಕಲು ಮಾಡುವುದು ತೀರಾ ಸಾಮಾನ್ಯ ತಪ್ಪು. ಬೇಕಾದದ್ದು ಜಿ ಲೆಕ್ಕ, ಅಂದರೆ ಗುರುತ್ವಕ್ಕಿಂತ ಎಷ್ಟು ಪಟ್ಟು ಬಲ ಎಂಬುದು. ಸೂತ್ರ ಸರಳ: 0.00001118 ಗುಣಿಸು ರೋಟರ್ ತ್ರಿಜ್ಯ ಸೆಂಟಿಮೀಟರ್‌ನಲ್ಲಿ, ಗುಣಿಸು ಆರ್‌ಪಿಎಂನ ವರ್ಗ. ತ್ರಿಜ್ಯ 8 ಸೆಂ.ಮೀ. ಇದ್ದರೆ 33,500 ಆರ್‌ಪಿಎಂಗೆ ಸುಮಾರು 1,00,000 ಜಿ ಬರುತ್ತದೆ. ಅದೇ ಆರ್‌ಪಿಎಂ 6 ಸೆಂ.ಮೀ. ರೋಟರ್‌ನಲ್ಲಿ 75,000 ಜಿ ಮಾತ್ರ. ಅಷ್ಟೇ ಹೊತ್ತು ತಿರುಗಿಸಿದರೆ ಸಣ್ಣ ಇಆರ್ ಚೂರುಗಳು ತಳ ಸೇರುವುದಿಲ್ಲ, ಮೇಲಿನ ತಿಳಿಯಲ್ಲೇ ಉಳಿಯುತ್ತವೆ. "ಸೈಟೋಸಾಲ್‌ನಲ್ಲಿ ಡಿಗ್ಯಾಟ್" ಎಂಬ ಫಲಿತಾಂಶ ಹುಟ್ಟುವ ಒಂದು ದಾರಿ ಇದು.

## ಹಂತ 3: ಕರುಳು ತೆಗೆದು ತೊಳೆಯುವುದು

ಇಲ್ಲಿ ಆತುರ ಬೇಕು, ಆದರೆ ಗಡಿಬಿಡಿ ಬೇಡ. ಕರುಳಿನ ಒಳಗೆ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಲೈಪೇಸ್ ಎಲ್ಲ ಇರುತ್ತವೆ. ಪಿತ್ತರಸವೂ ಇರುತ್ತದೆ, ಅದು ಸೋಪಿನ ಹಾಗೆ ಪೊರೆಗಳನ್ನು ಕರಗಿಸುತ್ತದೆ. ಲಿವರ್‌ಗೆ ಬರೆದ ವಿಧಾನವನ್ನು ಹಾಗೇ ಕರುಳಿಗೆ ಹಚ್ಚಿದರೆ ಕೆಡುವುದು ಇದರಿಂದಲೇ.

ಇಲಿಯನ್ನು ಹಿಂದಿನ ರಾತ್ರಿ ಉಪವಾಸ ಇಡಿ, ನೀರು ಇರಲಿ. ಕೆಳಗೆ ತಂತಿ ಜಾಲರಿ ಇರುವ ಪಂಜರ ಬೇಕು. ಇಲ್ಲದಿದ್ದರೆ ಇಲಿ ತನ್ನ ಹಿಕ್ಕೆಯನ್ನೂ ಹಾಸಿನ ಹೊಟ್ಟನ್ನೂ ತಿಂದಿರುತ್ತದೆ, ಕರುಳು ಖಾಲಿಯಾಗುವುದಿಲ್ಲ.

ಒಪ್ಪಿಗೆ ಪಡೆದ ವಿಧಾನದಲ್ಲಿ ಪ್ರಾಣಿಯನ್ನು ಕೊಂದ ತಕ್ಷಣ ಜಠರದ ಕೆಳಗಿನಿಂದ ಸಣ್ಣ ಕರುಳಿನ ಮೇಲಿನ ಅರ್ಧ ಮಾತ್ರ ತೆಗೆಯಿರಿ. ಕೊಬ್ಬು ಹೀರುವ ಕೆಲಸ ಹೆಚ್ಚು ನಡೆಯುವುದು ಈ ಭಾಗದಲ್ಲೇ, ಅದರಲ್ಲೂ ಜೆಜುನಮ್‌ನಲ್ಲಿ. ಇಲಿಯಂ ಸೇರಿಸಿದರೆ ಚಟುವಟಿಕೆ ತೆಳುವಾಗುತ್ತದೆ. ಐಸ್‌ನಲ್ಲಿಟ್ಟ ಸಲೈನನ್ನು ಸಿರಿಂಜ್‌ನಿಂದ ಒಳಗೆ ಹಾಯಿಸಿ. ಮೊದಲು ಹಳದಿ ನೀರು ಬರುತ್ತದೆ, ಆಮೇಲೆ ಮಸುಕು, ಕೊನೆಗೆ ತಿಳಿ. ತಿಳಿ ಬರುವವರೆಗೂ ಬಿಡಬೇಡಿ. ಕೊನೆಯ ಎರಡು ತೊಳೆತದ ಸಲೈನ್‌ಗೆ ಪ್ರೋಟಿಯೇಸ್ ತಡೆ ಮತ್ತು 1 ಮಿಲಿಮೋಲಾರ್ ಡಿಟಿಟಿ ಸೇರಿಸಿ. ಡಿಟಿಟಿ ಲೋಳೆಯನ್ನು ಸಡಿಲಿಸುತ್ತದೆ.

ಈಗ ಕರುಳನ್ನು ಉದ್ದಕ್ಕೆ ಸೀಳಿ, ಐಸ್ ಮೇಲಿಟ್ಟ ಗಾಜಿನ ತಟ್ಟೆಯಲ್ಲಿ ಒಳಮೈ ಮೇಲೆ ಬರುವಂತೆ ಹರಡಿ. ಫಿಲ್ಟರ್ ಪೇಪರ್‌ನಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಸ್ಲೈಡ್ ಅಂಚಿನಿಂದ ಒಂದೇ ದಿಕ್ಕಿಗೆ ಕೆರೆಯಿರಿ. ಹಗುರ ಕೈಯಲ್ಲಿ ಕೆರೆದರೆ ಬೂದು ಮಿಶ್ರಿತ ಗುಲಾಬಿ ಬಣ್ಣದ, ಗಂಜಿಯಂಥ ಪದರ ಸ್ಲೈಡ್ ಮುಂದೆ ಗುಡ್ಡೆ ಆಗುತ್ತದೆ. ಅದೇ ಮ್ಯೂಕೋಸಾ. ಒತ್ತಿ ಕೆರೆದರೆ ಬಿಳಿ ನಾರು ಎದ್ದು ಬರುತ್ತದೆ. ಅದು ಕೆಳಗಿನ ಪದರ, ನಿಮಗೆ ಬೇಡ. ನಾರು ಕಂಡ ಕೂಡಲೇ ಕೈ ಸಡಿಲಿಸಿ.

ವಿಲ್ಲೈ, ಅಂದರೆ ಕರುಳಿನ ಒಳಮೈಯ ಬೆರಳಿನಂಥ ಚಾಚುಗಳ ತುದಿಯ ಪಕ್ವ ಕೋಶಗಳೇ ಬೇಕೆನ್ನುವವರು ಕೆರೆಯದೆ, ಸಿಟ್ರೇಟ್ ಮತ್ತು ಇಡಿಟಿಎ ಬಫರ್‌ಗಳಲ್ಲಿ ಕಂತು ಕಂತಾಗಿ ಕೋಶ ಬಿಡಿಸಿಕೊಳ್ಳಬೇಕು. ಮೊದಲ ಕಂತುಗಳಲ್ಲಿ ತುದಿಯ ಕೋಶ, ಕೊನೆಯವುಗಳಲ್ಲಿ ಬುಡದ ಕ್ರಿಪ್ಟ್ ಕೋಶ. ಬ್ರಶ್ ಬಾರ್ಡರ್‌ನ ಎಂಜೈಮ್ ಆದ ಸುಕ್ರೇಸ್ ಅಳೆದರೆ ಗೊತ್ತಾಗುತ್ತದೆ: ತುದಿಯಲ್ಲಿ ಜಾಸ್ತಿ, ಕ್ರಿಪ್ಟ್‌ನಲ್ಲಿ ಹೆಚ್ಚುಕಡಿಮೆ ಇಲ್ಲ.

ಎಚ್ಚರಿಕೆಯ ಗುರುತು: ಕೆರೆದ ಪದರ ಬಫರ್‌ಗೆ ಹಾಕಿದ ಮೇಲೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾದರೆ ನ್ಯೂಕ್ಲಿಯಸ್ ಒಡೆದು ಡಿಎನ್‌ಎ ಹೊರಬಂದಿದೆ ಎಂದರ್ಥ, ಇಲ್ಲವೇ ಲೋಳೆ ಹೋಗಿಲ್ಲ. ಆ ಲೋಳೆ ಎಲ್ಲ ಪೊರೆಗಳನ್ನೂ ಹಿಡಿದುಕೊಂಡು ಮೊದಲ ಸುತ್ತಿನಲ್ಲೇ ತಳಕ್ಕೆ ಇಳಿಯುತ್ತದೆ. ಮುಂದುವರಿಸಬೇಡಿ. ಮುಂದಿನ ಹಂತಗಳಲ್ಲಿ ಇದನ್ನು ಸರಿಪಡಿಸಲು ಬರುವುದಿಲ್ಲ.

## ಹಂತ 4: ಅರೆಯುವುದು

1 ಗ್ರಾಂ ಮ್ಯೂಕೋಸಾಗೆ 9 ಮಿ.ಲೀ. ಬಫರ್. ಟೆಫ್ಲಾನ್ ಕಡ್ಡಿ 8ರಿಂದ 10 ಸಲ ಮೇಲೆ ಕೆಳಗೆ. ನಡುವೆ ಐಸ್‌ನಲ್ಲಿ ನಿಲ್ಲಿಸಿ. ಕಡ್ಡಿ ಎತ್ತುವಾಗ ಕೆಳಗೆ ಗಾಳಿಯ ಖಾಲಿ ಜಾಗ ಆಗದ ಹಾಗೆ ನಿಧಾನಕ್ಕೆ ಎತ್ತಬೇಕು. ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ.

ಬೇಗ ಮುಗಿಯಲಿ ಎಂದು ಸೋನಿಕೇಟರ್ ಅಥವಾ ಬ್ಲೇಡ್ ಇರುವ ಹೋಮೋಜಿನೈಸರ್ ಬಳಸುವವರಿದ್ದಾರೆ. ಹಾಗೆ ಮಾಡಿದರೆ ಬ್ರಶ್ ಬಾರ್ಡರ್ ಪುಡಿಯಾಗಿ ಸಣ್ಣ ಚೀಲಗಳಾಗುತ್ತದೆ. ಆ ಚೀಲಗಳು ಇಆರ್ ಚೂರುಗಳ ಜೊತೆಗೇ ಕೊನೆಯ ಪೆಲೆಟ್‌ಗೆ (ತಿರುಗಿಸಿದಾಗ ತಳದಲ್ಲಿ ಕೂರುವ ಗಟ್ಟಿಗೆ) ಬರುತ್ತವೆ. ಆಮೇಲೆ ಎರಡನ್ನೂ ಬೇರ್ಪಡಿಸುವುದು ದೊಡ್ಡ ತಲೆನೋವು. ಒಂದು ಹನಿ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ: ಕೋಶಗಳು ಒಡೆದಿರಬೇಕು, ನ್ಯೂಕ್ಲಿಯಸ್‌ಗಳು ದುಂಡಗೆ ಹಾಗೇ ಉಳಿದಿರಬೇಕು.

ಈ ಅರೆದ ದ್ರವದಲ್ಲಿ 1 ಮಿ.ಲೀ. ತೆಗೆದು ಬೇರೆ ಇಡಿ. ಇದನ್ನು ಮರೆತರೆ ಮುಂದಿನ ಇಡೀ ಲೆಕ್ಕ ನಿಂತುಹೋಗುತ್ತದೆ.

## ಹಂತ 5: ಮೂರು ಸುತ್ತು

ಎಲ್ಲ 4 ಡಿಗ್ರಿಯಲ್ಲಿ.

ಮೊದಲ ಸುತ್ತು 800 ಜಿ, 10 ನಿಮಿಷ. ತಳದಲ್ಲಿ ನ್ಯೂಕ್ಲಿಯಸ್, ಒಡೆಯದ ಕೋಶ, ಬ್ರಶ್ ಬಾರ್ಡರ್‌ನ ದೊಡ್ಡ ಹಾಳೆಗಳು. ಈ ಪೆಲೆಟನ್ನು ಸ್ವಲ್ಪ ಬಫರ್‌ನಲ್ಲಿ ಮತ್ತೆ ಕದಡಿ, ಇನ್ನೊಮ್ಮೆ ತಿರುಗಿಸಿ, ಎರಡೂ ತಿಳಿಗಳನ್ನು ಸೇರಿಸಿ. ಕರುಳಿನಲ್ಲಿ ಈ ಮೊದಲ ಪೆಲೆಟ್ ತುಂಬಾ ಇಆರ್ ನುಂಗುತ್ತದೆ.

ಎರಡನೇ ಸುತ್ತು 10,000 ಜಿ, 15 ನಿಮಿಷ. ತಳದಲ್ಲಿ ಕಂದು ಬಣ್ಣದ ಮೈಟೋಕಾಂಡ್ರಿಯ. ಅದರ ಮೇಲೆ ಮೊಸರಿನ ಕೆನೆಯಂತೆ ಅಲುಗಾಡುವ ತೆಳು ಪದರ ಇರುತ್ತದೆ. ಅದನ್ನು ತಿಳಿಯೊಂದಿಗೆ ಎಳೆದುಕೊಳ್ಳಬೇಡಿ. ಈ ಪೆಲೆಟನ್ನು ಎಸೆಯಲೂ ಬೇಡಿ. ಮೈಟೋಕಾಂಡ್ರಿಯಕ್ಕೆ ಅಂಟಿಕೊಂಡ ಇಆರ್ ಪೊರೆ ಇದರಲ್ಲಿರುತ್ತದೆ. ಆ ಪೊರೆಯಲ್ಲಿ ಡಿಗ್ಯಾಟ್-2 ಇರುವುದು ಬೇರೆ ಕೋಶಗಳಲ್ಲಿ ಕಂಡುಬಂದಿದೆ. "ಮೈಟೋಕಾಂಡ್ರಿಯದಲ್ಲಿ ಡಿಗ್ಯಾಟ್" ಎಂದು ಬರೆಯುವ ಮುಂಚೆ ಪರ್ಕಾಲ್ ಗ್ರೇಡಿಯಂಟ್‌ನಲ್ಲಿ (ಸಾಂದ್ರತೆ ನೋಡಿ ಬೇರ್ಪಡಿಸುವ ದ್ರವದಲ್ಲಿ) ಅಂಟಿದ ಪೊರೆಯನ್ನು ಬೇರ್ಪಡಿಸಿ ನೋಡಬೇಕು.

ಮೂರನೇ ಸುತ್ತು 1,00,000 ಜಿ, 60 ನಿಮಿಷ. ತೆಳು ಗೋಡೆಯ ಟ್ಯೂಬ್‌ಗಳನ್ನು ಕಂಠದವರೆಗೂ ತುಂಬಿ, ಅರ್ಧ ತುಂಬಿದರೆ ಒಳಕ್ಕೆ ಕುಸಿಯುತ್ತವೆ. ಎದುರುಬದುರು ಟ್ಯೂಬ್‌ಗಳನ್ನು ಮುಚ್ಚಳ ಸಹಿತ ತೂಗಿ ಸರಿದೂಗಿಸಿ. ಸಿಗುವ ಪೆಲೆಟ್ ತಿಳಿ ಕಂದು, ಅಂಚಿನಲ್ಲಿ ಹಿಡಿದು ನೋಡಿದರೆ ಬೆಳಕು ಹಾಯುವಷ್ಟು ಪಾರದರ್ಶಕ. ಇದು ಮೈಕ್ರೋಸೋಮ್, ಅಂದರೆ ಒಡೆದ ಇಆರ್ ತನ್ನಷ್ಟಕ್ಕೆ ಮುಚ್ಚಿಕೊಂಡು ಆದ ಪುಟ್ಟ ಚೀಲಗಳು. ಹಾಲಿನಂತೆ ಬಿಳಿಯಾಗಿದ್ದರೆ ಎರಡನೇ ಸುತ್ತಿನ ಕೆನೆ ಸೇರಿದೆ ಎಂದು ಅನುಮಾನಿಸಿ.

ಒಂದೊಂದು ಹಂತದ ಗಾತ್ರವನ್ನೂ ಮಿ.ಲೀ. ಲೆಕ್ಕದಲ್ಲಿ ಬರೆದಿಡಿ. "ಸುಮಾರು 10" ಅಂತ ಬರೆದರೆ ನಡೆಯುವುದಿಲ್ಲ.

## ಹಂತ 6: ಗುರುತಿನ ಎಂಜೈಮ್‌ಗಳು ಮತ್ತು ಲೆಕ್ಕದ ಪುಸ್ತಕ

ಇಡೀ ಕೆಲಸದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಪ್ರತಿಯೊಂದು ಪೊರೆಗೂ ಅದರದೇ ಗುರುತು ಇದೆ. ಇಆರ್‌ಗೆ ಎನ್‌ಎಡಿಪಿಎಚ್-ಸೈಟೋಕ್ರೋಮ್ ಸಿ ರಿಡಕ್ಟೇಸ್, 550 ನ್ಯಾನೋಮೀಟರ್‌ನಲ್ಲಿ ಅಳೆಯುವುದು. ಬ್ರಶ್ ಬಾರ್ಡರ್‌ಗೆ ಸುಕ್ರೇಸ್. ಮೈಟೋಕಾಂಡ್ರಿಯಕ್ಕೆ ಸಕ್ಸಿನೇಟ್ ಡಿಹೈಡ್ರೋಜಿನೇಸ್. ಸೈಟೋಸಾಲ್‌ಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್, 340ರಲ್ಲಿ. ಗಾಲ್ಜಿಗೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವಿಧಾನ) ಜಿಎಂ130. ಈ ಎಲ್ಲ ಅಳತೆಗಳನ್ನೂ ಎಲ್ಲ ಭಾಗಗಳಲ್ಲೂ ಮಾಡಬೇಕು. ಮೈಕ್ರೋಸೋಮ್‌ನಲ್ಲಿ ಮಾತ್ರ ಇಆರ್ ಗುರುತು ನೋಡಿ ಖುಷಿಪಟ್ಟರೆ ಏನೂ ಸಾಬೀತಾಗುವುದಿಲ್ಲ.

ಲೆಕ್ಕ ಹೀಗೆ. ಅರೆದ ಮೂಲ ದ್ರವದ ಒಟ್ಟು ಚಟುವಟಿಕೆ 100 ಎಂದುಕೊಳ್ಳಿ. ಲೆಕ್ಕ ತೋರಿಸಲು ಮಾತ್ರ ಈ ಸಂಖ್ಯೆಗಳು: ಮೊದಲ ಪೆಲೆಟ್‌ನಲ್ಲಿ 22, ಎರಡನೆಯದರಲ್ಲಿ 18, ಮೈಕ್ರೋಸೋಮ್‌ನಲ್ಲಿ 46, ತಿಳಿಯಲ್ಲಿ 6. ಕೂಡಿದರೆ 92. ಮೂಲಕ್ಕೆ ಹತ್ತಿರ ಬಂತು, ನಂಬಬಹುದು. ಮೈಕ್ರೋಸೋಮ್‌ನಲ್ಲಿ ಒಟ್ಟು ಪ್ರೋಟೀನಿನ ಶೇ. 14 ಇದ್ದರೆ, 46 ಭಾಗಿಸು 14, ಅಂದರೆ 3.3 ಪಟ್ಟು ಸಾಂದ್ರ. ಈಗ ಡಿಗ್ಯಾಟ್‌ಗೂ ಇದೇ ಲೆಕ್ಕ ಮಾಡಿ. ಡಿಗ್ಯಾಟ್ ಹಂಚಿಕೆ ಇಆರ್ ಗುರುತಿನ ಹಂಚಿಕೆಯ ಜೊತೆ ಎಲ್ಲ ಭಾಗಗಳಲ್ಲೂ ಹೆಜ್ಜೆಗೆ ಹೆಜ್ಜೆ ಹೊಂದಿದರೆ, ಅದೇ ನಿಮ್ಮ ಉತ್ತರ. ಮೊದಲ ಪೆಲೆಟ್‌ನಲ್ಲಿ ಡಿಗ್ಯಾಟ್ 22 ಇದ್ದರೂ ಹೆದರಬೇಡಿ, ಅಲ್ಲಿ ಇಆರ್ ಗುರುತೂ 22 ಇದೆಯಲ್ಲ.

ಕೂಡಿದ್ದು 50 ಬಂದರೆ ಅರ್ಧ ಎಂಜೈಮ್ ಸತ್ತಿದೆ. 150 ಬಂದರೆ ಮೂಲ ದ್ರವದಲ್ಲಿ ಎಂಜೈಮನ್ನು ತಡೆಯುವ ಏನೋ ಇತ್ತು, ಅದು ಬೇರ್ಪಟ್ಟಿದೆ. ಎರಡೂ ಸಂದರ್ಭದಲ್ಲಿ ಜಾಗದ ಬಗ್ಗೆ ಏನೂ ಹೇಳುವ ಹಾಗಿಲ್ಲ.

ಇನ್ನೊಂದು ಗುರುತು ನನಗೆ ತುಂಬಾ ಸಲ ದಾರಿ ತೋರಿಸಿದೆ. ಎನ್‌ಎಡಿಪಿಎಚ್ ರಿಡಕ್ಟೇಸ್ ಇಆರ್ ಪೊರೆಗೆ ಒಂದು ಸಣ್ಣ ಬಾಲದಿಂದ ಕಚ್ಚಿಕೊಂಡಿರುತ್ತದೆ. ಟ್ರಿಪ್ಸಿನ್ ಆ ಬಾಲ ಕತ್ತರಿಸಿದರೆ ಉಳಿದ ಭಾಗ ನೀರಿಗೆ ಬಿದ್ದು, ಸೈಟೋಕ್ರೋಮ್ ಸಿ ಜೊತೆ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಕೊನೆಯ ತಿಳಿಯಲ್ಲಿ ರಿಡಕ್ಟೇಸ್ ಜಾಸ್ತಿ ಕಂಡರೆ, ಹಂತ 3ರ ತೊಳೆತ ಸಾಲಲಿಲ್ಲ ಎಂದರ್ಥ. ಹೀಗೇ ಒಬ್ಬ ವಿದ್ಯಾರ್ಥಿನಿಯ 3 ವಾರದ ಕೆಲಸದಲ್ಲಿ ರಿಡಕ್ಟೇಸ್‌ನ ಬಹುಪಾಲು ತಿಳಿಯಲ್ಲೇ ಇತ್ತು. ಆಕೆ ರೋಟರ್ ಬದಲಿಸಿದರು, ಹೊತ್ತು ಹೆಚ್ಚಿಸಿದರು, ಏನೂ ಬದಲಾಗಲಿಲ್ಲ. ತೊಳೆಯುವ ಸಲೈನ್‌ಗೆ ಪ್ರೋಟಿಯೇಸ್ ತಡೆ ಸೇರಿಸಿ, ಎರಡು ಸಲ ಜಾಸ್ತಿ ತೊಳೆದ ದಿನ ರಿಡಕ್ಟೇಸ್ ಪೆಲೆಟ್‌ಗೆ ಮರಳಿತು.

ಪ್ರೋಟೀನ್ ಅಳೆಯುವಾಗ ಒಂದು ಬಲೆ ಇದೆ. ಫ್ಯಾಟಿ ಆಸಿಡ್ ಹೀರಲಿ ಎಂದು ಅರೆಯುವ ಬಫರ್‌ಗೇ ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್ ಹಾಕುವವರಿದ್ದಾರೆ. ಆಗ ನೀವು ಅಳೆಯುವುದು ಇಲಿಯ ಪ್ರೋಟೀನ್ ಅಲ್ಲ, ಡಬ್ಬಿಯ ಪ್ರೋಟೀನ್. ಬಿಎಸ್‌ಎ ಎಂಜೈಮ್ ಅಳತೆಯ ಟ್ಯೂಬ್‌ಗೆ ಮಾತ್ರ ಇರಲಿ. ಹೆಪೀಸ್ ಮತ್ತು ಡಿಟಿಟಿ ಇದ್ದರೆ ಲೌರಿ ವಿಧಾನವೂ ಕೈಕೊಡುತ್ತದೆ, ಬ್ರಾಡ್‌ಫರ್ಡ್ ಬಳಸಿ.

ಸುಕ್ರೇಸ್ ಮೈಕ್ರೋಸೋಮ್‌ನಲ್ಲಿ ಎದ್ದು ಕಂಡರೆ, ಅದೇ ಮ್ಯೂಕೋಸಾದಿಂದ ಶುದ್ಧ ಬ್ರಶ್ ಬಾರ್ಡರ್ ಮಾಡಿ ಹೋಲಿಸಿ. ಅರೆದ ದ್ರವಕ್ಕೆ 10 ಮಿಲಿಮೋಲಾರ್ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಸೇರಿಸಿದರೆ ಇಆರ್ ಮತ್ತಿತರ ಪೊರೆಗಳು ಗಂಟು ಕಟ್ಟಿ ಬೇಗ ತಳಕ್ಕೆ ಹೋಗುತ್ತವೆ, ಬ್ರಶ್ ಬಾರ್ಡರ್ ಚೀಲಗಳು ತಿಳಿಯಲ್ಲಿ ಉಳಿಯುತ್ತವೆ. ಇದಕ್ಕೆ ಇಡಿಟಿಎ ಇಲ್ಲದ ಬಫರ್ ಬೇಕು. ಸುಕ್ರೇಸ್ ಏರಿದಂತೆ ಡಿಗ್ಯಾಟ್ ಇಳಿದರೆ ಅದು ಬ್ರಶ್ ಬಾರ್ಡರ್‌ನದ್ದಲ್ಲ.

## ಹಂತ 7: ಎಮ್‌ಗ್ಯಾಟ್, ಡಿಗ್ಯಾಟ್ ಅಳತೆ

200 ಮೈಕ್ರೋಲೀಟರ್ ಟ್ಯೂಬ್‌ಗೆ ಶುರುವಿನ ಅಂದಾಜು: 100 ಮಿಲಿಮೋಲಾರ್ ಟ್ರಿಸ್, ಪಿಎಚ್ 7.4, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 1 ಮಿ.ಲೀ.ಗೆ 1 ಮಿ.ಗ್ರಾಂ ಲೆಕ್ಕದಲ್ಲಿ ಫ್ಯಾಟಿ ಆಸಿಡ್ ಇಲ್ಲದ ಬಿಎಸ್‌ಎ. 25 ಮೈಕ್ರೋಮೋಲಾರ್ ಗುರುತಿರುವ ಅಸೈಲ್-ಕೋಎ. 200 ಮೈಕ್ರೋಮೋಲಾರ್ 1,2-ಡೈಓಲಿಯೋಯಿಲ್‌ಗ್ಲಿಸರಾಲ್. 10ರಿಂದ 20 ಮೈಕ್ರೋಗ್ರಾಂ ಪ್ರೋಟೀನ್. 37 ಡಿಗ್ರಿ, 5 ನಿಮಿಷ. ಎಮ್‌ಗ್ಯಾಟ್‌ಗೆ ಡೈಓಲಿಯೋಯಿಲ್ ಬದಲು 2-ಮೋನೋಓಲಿಯೋಯಿಲ್‌ಗ್ಲಿಸರಾಲ್. ಈ ಅಂಕಿಗಳನ್ನು ನಿಮ್ಮ ತಯಾರಿಗೆ ಹೊಂದಿಸಿಕೊಳ್ಳಬೇಕು. 2, 5, 10 ನಿಮಿಷಕ್ಕೆ ಅಳೆದು ಗೆರೆ ನೇರವಾಗಿರುವ ಹೊತ್ತನ್ನು ಮಾತ್ರ ಬಳಸಿ.

ಅಸೈಲ್-ಕೋಎ ಸೋಪಿನಂಥದ್ದು. ಜಾಸ್ತಿ ಹಾಕಿದರೆ ಎಂಜೈಮ್ ಚುರುಕಾಗುತ್ತದೆ ಎಂದು 100, 200 ಮೈಕ್ರೋಮೋಲಾರ್ ಸುರಿದರೆ ಪೊರೆಯೇ ಹರಿಯುತ್ತದೆ. ಚಟುವಟಿಕೆ ಒಂದು ಮಟ್ಟದವರೆಗೆ ಏರಿ ಥಟ್ಟನೆ ಬೀಳುವುದು ಇದರ ಗುರುತು.

2-ಮೋನೋಅಸೈಲ್‌ಗ್ಲಿಸರಾಲ್ ಇನ್ನೊಂದು ಸೂಕ್ಷ್ಮ ವಸ್ತು. ನಡುವೆ ಇರುವ ಫ್ಯಾಟಿ ಆಸಿಡ್ ಬಿಸಿ ಅಥವಾ ಕ್ಷಾರ ತಗುಲಿದರೆ ತುದಿಗೆ ಜಾರಿ 1-ಮೋನೋ ಆಗುತ್ತದೆ. ದ್ರಾವಣವನ್ನು ಅಂದಂದೇ ಮಾಡಿ, ತಣ್ಣಗಿಡಿ. ಹಳೆಯ ಬಾಟಲಿ ಇದ್ದರೆ ಬೋರಿಕ್ ಆಸಿಡ್ ಹಚ್ಚಿದ ಟಿಎಲ್‌ಸಿ ಪ್ಲೇಟ್ ಮೇಲೆ ಮೊದಲು ಪರೀಕ್ಷಿಸಿ.

ನಿಲ್ಲಿಸಲು ಕ್ಲೋರೋಫಾರ್ಮ್ ಮತ್ತು ಮೆಥನಾಲ್ 2:1 ಮಿಶ್ರಣ, ಫ್ಯೂಮ್ ಹುಡ್ ಒಳಗೆ. ಕೆಳಗಿನ ಪದರ ಒಣಗಿಸಿ ಸಿಲಿಕಾ ಪ್ಲೇಟ್‌ಗೆ ಹಾಕಿ. ಹೆಕ್ಸೇನ್, ಡೈಈಥೈಲ್ ಈಥರ್, ಅಸಿಟಿಕ್ ಆಸಿಡ್ 80:20:1ರಲ್ಲಿ ಓಡಿಸಿ. ಟ್ರೈಗ್ಲಿಸರೈಡ್ ಮೇಲೆ, ಫ್ಯಾಟಿ ಆಸಿಡ್ ಅದರ ಕೆಳಗೆ, ಡೈಅಸೈಲ್ ಇನ್ನೂ ಕೆಳಗೆ. ಎನ್‌ಬಿಡಿ ಅಂಟಿದ ಉತ್ಪನ್ನಗಳು ಇಷ್ಟು ಮೇಲೆ ಏರುವುದಿಲ್ಲ, ಅವಕ್ಕೆ ಈಥರ್ ಪಾಲು ಹೆಚ್ಚಿಸಬೇಕು. ಪ್ರತಿ ಸಲವೂ ಸೊನ್ನೆ ನಿಮಿಷದ ಟ್ಯೂಬ್, ಕುದಿಸಿದ ಪ್ರೋಟೀನ್ ಟ್ಯೂಬ್, ಮತ್ತು ಶುದ್ಧ ಟ್ರೈಓಲೀನ್ ಗುರುತು ಬೇಕು. ಫ್ಯಾಟಿ ಆಸಿಡ್ ಕಲೆ ದಪ್ಪಗೆ ಇದ್ದರೆ ನಿಮ್ಮ ಅಸೈಲ್-ಕೋಎಯನ್ನೋ ಉತ್ಪನ್ನವನ್ನೋ ಏನೋ ಒಡೆಯುತ್ತಿದೆ.

ಎಮ್‌ಗ್ಯಾಟ್ ಅಳೆಯುವಾಗ ಡೈಅಸೈಲ್ ಕಲೆ ಮಾತ್ರ ನೋಡಬೇಡಿ. ಹುಟ್ಟಿದ ಡೈಅಸೈಲ್ ಅನ್ನು ಅದೇ ಪೊರೆಯ ಡಿಗ್ಯಾಟ್ ಟ್ರೈಗ್ಲಿಸರೈಡ್ ಮಾಡಿಬಿಡುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ.

## ಹಂತ 8: ಪೊರೆಯ ಯಾವ ಬದಿ?

ಮೈಕ್ರೋಸೋಮ್ ಚೀಲಗಳು ಬಹುತೇಕ ಸೈಟೋಸಾಲ್ ಬದಿ ಹೊರಗೆ ಬರುವಂತೆ ಮುಚ್ಚಿಕೊಂಡಿರುತ್ತವೆ. ಅಸೈಲ್-ಕೋಎ ತನ್ನಷ್ಟಕ್ಕೆ ಪೊರೆ ದಾಟುವುದಿಲ್ಲ. ಚೀಲ ಹಾಗೇ ಇದ್ದಾಗ ಸಿಗುವ ಚಟುವಟಿಕೆ ಹೊರಬದಿಯದು. ಚೀಲಕ್ಕೆ ತೂತು ಮಾಡಿದ ಮೇಲೆ ಹೆಚ್ಚಾಗಿ ಸಿಗುವುದು ಅಡಗಿದ ಚಟುವಟಿಕೆ.

ತೂತು ಮಾಡಲು ಅಲಾಮೆಥಿಸಿನ್ ಬಳಸಿ. ಅದು ಪೊರೆಯನ್ನು ಕರಗಿಸದೆ ರಂಧ್ರ ಮಾತ್ರ ಮಾಡುತ್ತದೆ. 1 ಮಿ.ಗ್ರಾಂ ಪ್ರೋಟೀನ್‌ಗೆ 10ರಿಂದ 100 ಮೈಕ್ರೋಗ್ರಾಂವರೆಗೆ ಹಾಕಿ ನೋಡಿ, ಐಸ್‌ನಲ್ಲಿ 15 ನಿಮಿಷ ಇಡಿ. ಡಿಟರ್ಜೆಂಟ್ ಹಾಕಿದರೆ ಎಂಜೈಮ್ ಕೂಡ ಸಾಯುತ್ತದೆ.

ಚೀಲ ಮುಚ್ಚಿತ್ತೇ ಎಂದು ತೋರಿಸುವುದು ಕಡ್ಡಾಯ. ಪ್ರೋಟೀನ್ ಕತ್ತರಿಸುವ ಪ್ರೋಟಿನೇಸ್-ಕೆ ಹಾಕಿ ವೆಸ್ಟರ್ನ್ ಮಾಡಿ. ಲ್ಯೂಮೆನ್‌ನಲ್ಲಿರುವ ಪಿಡಿಐ ಎಂಬ ಪ್ರೋಟೀನ್ ಉಳಿಯಬೇಕು. ಇಆರ್ ಪೊರೆಯ ಪ್ರೋಟೀನ್ ಆದ ಕಾಲ್‌ನೆಕ್ಸಿನ್‌ನ ಹೊರಬದಿಯ ಬಾಲವನ್ನು ಗುರುತಿಸುವ ಆಂಟಿಬಾಡಿಯ ಸಿಗ್ನಲ್ ಇಲ್ಲವಾಗಬೇಕು. ತೂತು ದೊಡ್ಡದಾದಾಗ, ಅಂದರೆ ಡಿಟರ್ಜೆಂಟ್ ಕಂಟ್ರೋಲ್‌ನಲ್ಲಿ, ಪಿಡಿಐ ಕೂಡ ಹೋಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಬದಿಯ ಬಗ್ಗೆ ಮಾತಾಡಬೇಡಿ. ಫ್ರೀಜರ್‌ನಿಂದ ತೆಗೆದ ಮೈಕ್ರೋಸೋಮ್ ಇಲ್ಲಿಗೆ ಬೇಡ. ಹೆಪ್ಪುಗಟ್ಟಿ ಕರಗುವಾಗ ಚೀಲಗಳು ಒಡೆಯುತ್ತವೆ.

ಅಡಗಿದ ಚಟುವಟಿಕೆ ಸಿಕ್ಕಿತೆಂದು "ಲ್ಯೂಮೆನ್‌ನಲ್ಲಿ ಬೇರೆ ಡಿಗ್ಯಾಟ್ ಇದೆ" ಎಂದು ನೇರ ಬರೆಯುವುದೂ ಆತುರ. 2020ರಲ್ಲಿ ಮನುಷ್ಯರ ಡಿಗ್ಯಾಟ್-1ರ ರಚನೆ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಿಂದ ಸಿಕ್ಕಿತು. ಎರಡು ಪ್ರತಿಗಳ ಜೋಡಿ, ಒಂದೊಂದೂ ಪೊರೆಯನ್ನು 9 ಸಲ ದಾಟುತ್ತದೆ. ಕೆಲಸ ನಡೆಯುವ ಜಾಗ ಪೊರೆಯ ಒಳಗೇ ಇರುವ ಒಂದು ಸುರಂಗ. ಅಸೈಲ್-ಕೋಎ ಸೈಟೋಸಾಲ್ ಕಡೆಯಿಂದ ಕೂರುತ್ತದೆ. ಅಂಥ ಎಂಜೈಮ್‌ಗೆ "ಈ ಬದಿ, ಆ ಬದಿ" ಎಂಬ ಗೆರೆ ಅಷ್ಟು ನೇರ ಅಲ್ಲ. ಅಲಾಮೆಥಿಸಿನ್ ಪೊರೆಯನ್ನೇ ಸಡಿಲಿಸಿ ಚಟುವಟಿಕೆ ಏರಿಸಿರಬಹುದು. ಆದ್ದರಿಂದ "ತೂತು ಮಾಡಿದ ಮೇಲೆ ಇಷ್ಟು ಏರಿತು" ಎಂದಷ್ಟೇ ಬರೆಯಿರಿ.

## ಹಂತ 9: ಡಿಗ್ಯಾಟ್-1 ಯಾವುದು, ಡಿಗ್ಯಾಟ್-2 ಯಾವುದು

ಎರಡೂ ಒಂದೇ ಕೆಲಸ ಮಾಡಿದರೂ ಬಂಧುಗಳಲ್ಲ, ರಚನೆ ಬೇರೆ ಬೇರೆ. ಬೇರ್ಪಡಿಸಲು ಆಯ್ದ ತಡೆಮದ್ದು ಬಳಸಿ. ಡಿಗ್ಯಾಟ್-1ಕ್ಕೆ ಎ922500, ಡಿಗ್ಯಾಟ್-2ಕ್ಕೆ ಪಿಎಫ್-06424439. ಒಂದನ್ನು ಹಾಕಿ, ಇನ್ನೊಂದನ್ನು ಹಾಕಿ, ಎರಡನ್ನೂ ಹಾಕಿ ಅಳೆಯಿರಿ. ಎರಡೂ ಹಾಕಿದಾಗಲೂ ಉಳಿಯುವ ಚಟುವಟಿಕೆ ಬೇರೆ ಎಂಜೈಮಿನದು. ಮೆಗ್ನೀಸಿಯಂ 100 ಮಿಲಿಮೋಲಾರ್‌ಗೆ ಏರಿಸಿದರೆ ಡಿಗ್ಯಾಟ್-2 ಕುಗ್ಗುತ್ತದೆ. ಇದು ಅಗ್ಗದ ಮೊದಲ ಪರೀಕ್ಷೆ, ಕೊನೆಯ ತೀರ್ಪಲ್ಲ.

ದಂಶಕಗಳ ಫಲಿತಾಂಶವನ್ನು ಮನುಷ್ಯರಿಗೆ ಹಾಗೇ ಹಚ್ಚಬೇಡಿ. ಇಲಿ ಜಾತಿಯ ಕರುಳಿನಲ್ಲಿ ಎರಡೂ ಇವೆ. ಮನುಷ್ಯರ ಸಣ್ಣ ಕರುಳು ಹೆಚ್ಚುಕಡಿಮೆ ಡಿಗ್ಯಾಟ್-1ನ್ನೇ ನಂಬಿದೆ. ಅದರ ಜೀನ್ ಕೆಟ್ಟ ಮಕ್ಕಳಿಗೆ ಹುಟ್ಟಿದ ಕೆಲವೇ ದಿನ, ವಾರಗಳಲ್ಲಿ ತೀವ್ರ ಭೇದಿ ಶುರುವಾಗುತ್ತದೆ. ಡಿಗ್ಯಾಟ್-1 ತಡೆಯುವ ಮದ್ದುಗಳ ಪ್ರಯೋಗಗಳಲ್ಲೂ ಭೇದಿಯೇ ದೊಡ್ಡ ಅಡ್ಡಿಯಾಯಿತು.

## ಹಂತ 10: ತೇಲುವ ಪದರ

ಮೂರನೇ ಪ್ರಶ್ನೆಗೆ ಬೇರೆ ಇಲಿ. ಆಲಿವ್ ಎಣ್ಣೆ ಕುಡಿಸಿ 1ರಿಂದ 2 ಗಂಟೆ ಬಿಟ್ಟು ಮ್ಯೂಕೋಸಾ ತೆಗೆಯಿರಿ. ಮೊದಲ ಸುತ್ತಿನ ತಿಳಿಯ ಮೇಲೆ ಸುಕ್ರೋಸ್ ಇಲ್ಲದ ಬಫರ್ ಮೆಲ್ಲಗೆ ಹರಡಿ 1,00,000 ಜಿಯಲ್ಲಿ ತಿರುಗಿಸಿದರೆ ಕೊಬ್ಬಿನ ಹನಿಗಳು ಬಿಳಿ ಉಂಗುರವಾಗಿ ಮೇಲೆ ನಿಲ್ಲುತ್ತವೆ. ವೇಗ ಇಳಿಸುವಾಗ ಬ್ರೇಕ್ ಹಾಕಬೇಡಿ, ಉಂಗುರ ಕದಡುತ್ತದೆ. ಪಿಪೆಟ್‌ನಲ್ಲಿ ಎಳೆದರೆ ಕೊಬ್ಬು ಗೋಡೆಗೆ ಅಂಟಿ ಅರ್ಧ ಹೋಗುತ್ತದೆ. ಟ್ಯೂಬನ್ನೇ ಕತ್ತರಿಸುವ ಸಲಕರಣೆ ಇದ್ದರೆ ಅದೇ ಒಳ್ಳೆಯದು.

ಉಂಗುರವನ್ನು ಕನಿಷ್ಠ ಎರಡು ಸಲ ತೊಳೆದು ಮತ್ತೆ ತೇಲಿಸಿ. ಆಮೇಲೆ ಗುರುತುಗಳು, ಅಂದರೆ ಹನಿಗಳ ಮೇಲ್ಮೈ ಪ್ರೋಟೀನ್‌ಗಳು: ಎಣ್ಣೆ ಕುಡಿಸಿದ ಸ್ವಲ್ಪ ಹೊತ್ತಿಗೆ ಪೆರಿಲಿಪಿನ್-3, ದಿನಗಟ್ಟಲೆ ಕೊಬ್ಬಿನ ಆಹಾರ ಕೊಟ್ಟಿದ್ದರೆ ಪೆರಿಲಿಪಿನ್-2. ಡಿಗ್ಯಾಟ್-2 ಹನಿಗಳ ಮೇಲ್ಮೈಗೆ ಹೋಗಬಲ್ಲದು, ಡಿಗ್ಯಾಟ್-1 ಇಆರ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ತೊಳೆದ ಉಂಗುರದಲ್ಲಿ ಡಿಗ್ಯಾಟ್-1 ಕಂಡರೆ ಮೊದಲು ಕಾಲ್‌ನೆಕ್ಸಿನ್ ನೋಡಿ. ಅದೂ ಇದ್ದರೆ ಇಆರ್ ಅಂಟಿಕೊಂಡು ಬಂದಿದೆ.

ಕರುಳಿನ ಕೆಲಸದಲ್ಲಿ ಬರುವ ಇನ್ನೊಂದು ತೊಡಕು ಅಪೋಬಿ-48 ಎಂಬ ಪ್ರೋಟೀನ್. ಎಂಟರೋಸೈಟ್ ತನ್ನ ಇಆರ್ ಲ್ಯೂಮೆನ್ ಒಳಗೆ ಎಂಟಿಪಿ ಎಂಬ ಪ್ರೋಟೀನಿನ ಸಹಾಯದಿಂದ ಅಪೋಬಿ-48 ಸುತ್ತ ಕೊಬ್ಬು ತುಂಬಿ ಕೈಲೋಮೈಕ್ರಾನ್ ಎಂಬ ಕೊಬ್ಬಿನ ಕಣ ಮಾಡುತ್ತದೆ. ಅರೆಯುವಾಗ ಇಆರ್ ಒಡೆದರೆ ಈ ಕಣಗಳೂ ಹೊರಬಂದು ಅದೇ ಉಂಗುರಕ್ಕೆ ಸೇರುತ್ತವೆ. ಎರಡೂ ಬಿಳಿ, ಎರಡೂ ತೇಲುತ್ತವೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಉಂಗುರದಲ್ಲಿ ಅಪೋಬಿ-48 ಜೋರಾಗಿ ಕಂಡರೆ ಅದನ್ನು ಸೈಟೋಸಾಲ್‌ನ ಹನಿ ಎಂದು ಕರೆಯುವ ಹಾಗಿಲ್ಲ. ಹಂತ 4ಕ್ಕೆ ಹಿಂತಿರುಗಿ, ಕಡ್ಡಿಯ ಓಟವನ್ನು 10ರಿಂದ 6ಕ್ಕೆ ಇಳಿಸಿ, ಹೊಸ ಮ್ಯೂಕೋಸಾದಿಂದ ಮತ್ತೆ ಶುರು ಮಾಡಿ.